ಹೋಲ್ಡಾನ್

ನಾನು ಕೆಲಸಕ್ಕೆ ಸೇರಿದಾಗ
ಬಸ್ಸಿನ ಸೂರಿನುದ್ದಕ್ಕೂ ಒಂದು ಹಗ್ಗವಿತ್ತು.
ಕಂಡಕ್ಟರನಿಗೆ ಅದೇ ಲಗಾಮು, ಅದೇ ಬಾಯಿ.
ಒಮ್ಮೆ ಎಳೆದರೆ ಟಣ್, ನಿಂತಿತು.
ಎರಡು ಸಲ ಟಣ್ ಟಣ್, ಹೊರಟಿತು.
ಎಳೆದೂ ಎಳೆದೂ ಬಲ ಅಂಗೈಯ ಗೆರೆಗಳಲ್ಲಿ
ಯಾವುದು ಹುಟ್ಟಿನದು, ಯಾವುದು ಹಗ್ಗದ್ದು
ಕೈ ನೋಡುವವನಿಗೂ ಗೊತ್ತಾಗಲಿಲ್ಲ.

ಈಗ ಹಗ್ಗದ ಆ ತುದಿಯಲ್ಲಿ ಚಿಲ್ರೆ.
ಡಿಪೋ ಹಿಂದಿನ ಹಳೇ ಟೈರಿನೊಳಗೆ ಸಿಕ್ಕ ಮರಿ.
ರಿಟೈರಾದ ದಿನ ಹಾರ ಹಾಕಿದರು, ಶಾಲು ಹೊದಿಸಿದರು;
ಆ ಶಾಲಿನಲ್ಲಿ ಇದನ್ನು ಸುತ್ತಿಕೊಂಡು ಮನೆಗೆ ಬಂದೆ.
"ಇಷ್ಟು ವರ್ಷ ಜನಕ್ಕೆ ಕೊಡದೆ ಉಳಿಸಿಕೊಂಡ ಚಿಲ್ರೆ
ಇಷ್ಟೇನಾ" ಅಂದಳು ದಾಕ್ಷಾಯಿಣಿ.
ಹೆಸರು ಹಾಗೆ ಬಿತ್ತು.

ಮೊದಲ ವಾರ ಅದೇ ನನಗೆ ಮತ್ತಿಕೆರೆ ಸುತ್ತಿಸಿತು.
ಬೋಂಡದ ಗಾಡಿ, ಕೋಳಿ ಅಂಗಡಿಯ ಹಿಂಬದಿ,
ಕಂಬದಿಂದ ಕಂಬಕ್ಕೆ ಎಕ್ಸ್‌ಪ್ರೆಸ್ಸು.
ಭುಜ ಕಳಚಿ ಕೈಗೆ ಬಂತು. ಬೈದೆ. ಜಗ್ಗಿದೆ.
ನಾ ಜಗ್ಗಿದಷ್ಟೂ ಅದೂ ಜಗ್ಗಿತು,
ಫುಟ್‌ಬೋರ್ಡಿನ ಹುಡುಗರ ಹಾಗೆ:
"ಒಳಗೆ ಬನ್ರೋ" ಅಂದಷ್ಟೂ ಹೊರಗೇ.

ಎಂಟನೇ ದಿನ, ಪಾರ್ಕಿನ ಹಿಂದಿನ ರಸ್ತೆಯಲ್ಲಿ ಹೊಳೆಯಿತು:
ಹಗ್ಗ ಎಳೆದರೆ ಬಸ್ಸು ನಿಲ್ಲಬೇಕು.
ಎಳೆದವರು ಯಾರಾದರೇನು?

ಅದು ಎಳೆಯಿತು. "ಹೋಲ್ಡಾನ್" ಅಂದೆ. ನಿಂತೆ.
ಬೈಗುಳವಿಲ್ಲ, ಜಗ್ಗಾಟವಿಲ್ಲ. ಕೆಟ್ಟು ನಿಂತ ಗಾಡಿ.
ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದ.
ಹೂ ಮಾರುವಾಕೆ "ಏನಾಯ್ತಣ್ಣ, ಎದೆನೋವಾ?" ಅಂದಳು.
ಚಿಲ್ರೆ ತಿರುಗಿ ನೋಡಿತು.
ಒಂದು ಹೆಜ್ಜೆ ಹಿಂದೆ ಬಂತು.
ಹಗ್ಗ ಜೋತಿತು.
"ರೈಟ್!"
ಜೇಬಿನಿಂದ ಹುರಿದ ಕಡಲೆಬೀಜ ಒಂದು,
ಟಿಕೆಟ್ಟು ಹರಿದು ಕೊಟ್ಟಂತೆ.

ಆ ದಿನ ಮೂರು ಮನೆ ದಾಟಲು ಮುಕ್ಕಾಲು ಗಂಟೆ.
ನನಗೇನು, ಟ್ರಿಪ್ ಶೀಟ್ ಕೇಳುವವರಿಲ್ಲ.

ಮನೆಯೊಳಗಿನದು ಬೇರೆ ಇಲಾಖೆ.
ದಾಕ್ಷಾಯಿಣಿಯ ಹೊಲಿಗೆ ಮೆಷಿನ್ನು,
ಸೂಜಿ, ಜರಿ, ಯಾರದೋ ಮದುವೆಯ ರವಿಕೆ.
ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ
ಕೆಂಪು ನೆಲದ ಮೇಲೆ ಒಂದು ಗೆರೆ ಎಳೆದಳು,
ಗೋಡೆಯಿಂದ ಗೋಡೆಗೆ.
ದಾಟಿದರೆ ಎದ್ದು ಎದುರು ನಿಲ್ಲುವಳು, ಮಾತಿಲ್ಲ;
ಹಿಂದೆ ಸರಿದರೆ ರೊಟ್ಟಿ ಚೂರು,
ಗೋಣಿತಾಟಿನ ಮೇಲೆ ಹೋಗಿ ಮಲಗಿದರೆ ಎರಡು.
"ನಿಮಗೂ ಅಷ್ಟೇ" ಅಂದಳು,
ಚಪ್ಪಲಿ ಕಾಲಲ್ಲೇ ಬಂದ ನನಗೆ.

ಒರೆಸಿ ಒರೆಸಿ ಗೆರೆ ಹತ್ತು ದಿನಕ್ಕೆ ಮಾಯ.
ಚಿಲ್ರೆ ಈಗಲೂ ಅಲ್ಲೇ ನಿಲ್ಲುತ್ತೆ,
ಇಲ್ಲದ ಗೆರೆಗೆ ಮೂಗು ತಾಗಿಸಿ.
ಅಳತೆ ಕೊಡಲು ಬಂದ ಹೆಂಗಸರು ಅದನ್ನು ನೋಡಿ
ತಾವೂ ಅಲ್ಲೇ ನಿಂತು ಕೇಳುತ್ತಾರೆ:
ಅಕ್ಕಾ, ಒಳಗೆ ಬರಬಹುದಾ?

ನಿನ್ನೆ ಸಂಜೆ ಸ್ಟಾಪಿನ ಹತ್ತಿರ
ನನ್ನ ಹಳೇ ರೂಟಿನ ಗಾಡಿ ಬಂತು.
ಕರೆಂಟಿನದು. ಸದ್ದಿಲ್ಲ. ಬಾಗಿಲು ತಾನೇ ತೆರೆಯಿತು.
ಸೂರಿನಲ್ಲಿ ಹಗ್ಗವಿದೆಯಾ ಅಂತ ಇಣುಕಿದೆ,
ಇಲ್ಲವೆಂದು ಗೊತ್ತಿದ್ದೂ.
ಖಾಕಿಯ ಹುಡುಗಿಯೊಬ್ಬಳು ಮೆಷಿನ್ ಒತ್ತುತ್ತ
"ಮುಂದೆ ನಡೀರಿ, ಮುಂದೆ ನಡೀರಿ" ಅನ್ನುತ್ತಿದ್ದಳು,
ನನ್ನದೇ ರಾಗದಲ್ಲಿ.
ಕಾಲು ಮೆಟ್ಟಿಲ ಕಡೆ ನಡೆಯಿತು, ನನ್ನನ್ನು ಕೇಳದೆ.

ಬಲಗೈ ಹಿಂದಕ್ಕೆ ಬಿಗಿಯಿತು.
ತಿರುಗಿದರೆ ಫುಟ್‌ಪಾತಿನ ಕಲ್ಲಿನ ಮೇಲೆ ಚಿಲ್ರೆ,
ನಾಲ್ಕೂ ಕಾಲೂರಿ, ಕೆಟ್ಟು ನಿಂತ ಗಾಡಿ.
ಜಗ್ಗಲಿಲ್ಲ. ಬೊಗಳಲಿಲ್ಲ.
ಕಾಯುತ್ತಿತ್ತು.

ಬಸ್ಸು ಹೋಯಿತು.
ಒಂದು ಹೆಜ್ಜೆ ಹಿಂದೆ ಬಂದೆ.
ಜೇಬಿನಲ್ಲಿ ಉಳಿದದ್ದು ಒಂದೇ ಕಡಲೆಬೀಜ;
ಯಾರಿಗೆ ಸೇರಬೇಕೆಂದು ತಿಳಿಯದೆ
ಸಿಪ್ಪೆ ಉಜ್ಜಿ, ಎರಡು ಬೇಳೆ ಮಾಡಿದೆ.